ಕೇಳಿಸಿತು, ಅರ್ಥವಾಗಲಿಲ್ಲ!

ನಂದಿಕೂರಿನ ನಮಗೆ ಕಂಬಳ ಹೊಸತಲ್ಲ. ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಮ್ಮದೇ. ಬೇರೆ ಊರಿನ ಕಂಬಳಗಳಿಗೂ ನಾನು ತಪ್ಪದೆ ಹೋಗುತ್ತೇನೆ. ಮೂರು ವರ್ಷದ ಹಿಂದೆ ಹಾಗೆ ಒಂದು ಕಂಬಳಕ್ಕೆ ಏಳು ವರ್ಷದ ಪುಳ್ಳಿಯನ್ನು ಕರೆದುಕೊಂಡು ಹೋಗಿದ್ದೆ. ನೇಗಿಲು ಕಿರಿಯ ವಿಭಾಗದ ಓಟ. ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿ ಏರುವಾಗ ಜನ ಒಮ್ಮೆಲೇ ಮುಂದೆ ನುಗ್ಗಿದರು. ನೋಡುತ್ತೇನೆ, ನನ್ನ ಕೈಯಲ್ಲಿದ್ದ ಪುಟ್ಟ ಕೈ ಇಲ್ಲ!

ಮೈಕಿನಲ್ಲಿ ಏನೋ ಹೇಳುತ್ತಲೇ ಇದ್ದರು. ಎದೆ ನಡುಗುವಷ್ಟು ಸದ್ದು, ಆದರೆ ಒಂದು ಮಾತೂ ತಿಳಿಯಲಿಲ್ಲ. ಕಾಲು ಗಂಟೆ ಹುಡುಕಿ ವೇದಿಕೆಯ ಬಳಿ ಹೋದರೆ ಅವಳು ಕುರ್ಚಿಯಲ್ಲಿ ಕೂತು ಬಿಕ್ಕುತ್ತಿದ್ದಳು.

“ಅಜ್ಜಾ, ನಿಮ್ಮ ಹೆಸರನ್ನು ಐದು ಸಲ ಕರೆದರು. ನೀವು ಬರಲೇ ಇಲ್ಲ!”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ನನ್ನ ಕಿವಿಯದೋ, ಮೈಕಿನದೋ? ಧ್ವನಿವರ್ಧಕದ ಕೆಲಸ ಮಾಡುವ ಪರಿಚಯದ ಹುಡುಗನನ್ನು ಕೇಳಿದೆ. “ಎರಡರದ್ದೂ” ಎಂದು ನಕ್ಕ.

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ತೆಳ್ಳಗಿನ, ಏರುಸ್ಥಾಯಿಯ ಸದ್ದುಗಳು. ಸ, ಶ, ತ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಆ, ಓ ಎಂಬ ಸ್ವರಗಳು ಮಾತ್ರ ಚೆನ್ನಾಗಿ ಕೇಳುತ್ತವೆ. ಅದಕ್ಕೇ ನನ್ನ ವಯಸ್ಸಿನವರು “ಕೇಳುತ್ತದೆ, ಅರ್ಥವಾಗುವುದಿಲ್ಲ” ಎನ್ನುವುದು.

ಇನ್ನು ಮೈದಾನದ ಕಥೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಆ ಕಂಬಳದಲ್ಲಿ ಕರೆಯ ಎರಡೂ ತುದಿಯಲ್ಲಿ ದೊಡ್ಡ ಕಹಳೆಯಂಥ ಧ್ವನಿವರ್ಧಕಗಳಿದ್ದವು. ಹತ್ತಿರದ್ದರ ಮಾತು ತಕ್ಷಣ ಕೇಳುತ್ತದೆ. 100 ಮೀಟರ್ ಆಚೆಯದ್ದು ಸುಮಾರು 0.3 ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಒಂದೆರಡು ಅಕ್ಷರ ಮುಂದೆ ಹೋಗಿರುತ್ತದೆ! ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಸದ್ದು ಹೆಚ್ಚಿಸಿದರೆ ಆ ಕಲಸುಮೇಲೋಗರವೂ ಹೆಚ್ಚುತ್ತದೆ, ಅಷ್ಟೆ.

ಮಕ್ಕಳೇ, ಇದನ್ನು ನೀವೇ ಪರೀಕ್ಷಿಸಬಹುದು. ಶಾಲೆಯ ದೊಡ್ಡ ಗೋಡೆಯ ಎದುರು ನಿಂತು ಚಪ್ಪಾಳೆ ತಟ್ಟುತ್ತಾ ಹಿಂದೆ ಸರಿಯಿರಿ. ಸುಮಾರು 17 ಮೀಟರ್ ದಾಟಿದ ಮೇಲೆ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ.

ಪರಿಹಾರ? ಜನರ ಹತ್ತಿರವೇ ಹಲವು ಸಣ್ಣ ಧ್ವನಿವರ್ಧಕಗಳು, ಪ್ರತಿಯೊಂದರಲ್ಲೂ ಮೆಲುದನಿ. ವೇದಿಕೆಯಿಂದ 34 ಮೀಟರ್ ದೂರದ್ದಕ್ಕೆ ಯಂತ್ರವೇ “0.1 ಸೆಕೆಂಡ್ ಕಾದು ಮಾತಾಡು” ಎನ್ನುತ್ತದೆ. ಆಗ ಎಲ್ಲ ದನಿಗಳೂ ಹೆಜ್ಜೆ ಕೂಡಿಸಿ ನಡೆಯುತ್ತವೆ.

ದೊಡ್ಡ ಫುಟ್ಬಾಲ್ ಕ್ರೀಡಾಂಗಣಗಳಲ್ಲಿ ಧ್ವನಿ ವ್ಯವಸ್ಥೆ ಸುಧಾರಿಸುವಾಗಲೂ ಇದೇ ಲೆಕ್ಕ. ಅಲ್ಲಿನ ಆಟದ ಅಂಗಳವೇ ಸುಮಾರು 105 ಮೀಟರ್ ಉದ್ದ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅದರ ಸುತ್ತ ಓಟದ ಪಥವೂ ಇದೆ. ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ ತಜ್ಞರ ಬಳಿ 0ಯಿಂದ 1ರವರೆಗಿನ ಅಳತೆಗೋಲೂ ಇದೆ. ತುರ್ತು ಪ್ರಕಟಣೆಗೆ ಸಾಮಾನ್ಯವಾಗಿ ಕನಿಷ್ಠ 0.5 ಬೇಕೆನ್ನುತ್ತಾರೆ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಸುಮಾರು 50,000 ಜನರಿಗೆ ಧ್ವನಿವರ್ಧಕದಲ್ಲಿ ಭಾಷಣ ಮಾಡಿದಾಗ ದನಿ ಮುಟ್ಟಿಸುವುದೇ ದೊಡ್ಡ ಸಾಹಸವಾಗಿತ್ತು. ಈಗಿನ ಸಾಹಸ ಮಾತು ಮುಟ್ಟಿಸುವುದು.

ನನ್ನ ಅನುಭವವನ್ನು ಆ ಕಂಬಳದವರಿಗೆ ಹೇಳಿದೆ. ಅವರು ಬೇಸರಿಸದೆ ಕೇಳಿದರು. ಕಳೆದ ವರ್ಷ ಹೋದಾಗ ಕರೆಯ ಉದ್ದಕ್ಕೂ ಸಣ್ಣ ಪೆಟ್ಟಿಗೆಗಳು ನಿಂತಿದ್ದವು. ಸದ್ದು ಮೊದಲಿನ ಅರ್ಧವೂ ಇರಲಿಲ್ಲ. ಪಕ್ಕದಲ್ಲಿ ತಾಯಿಯ ಹೆಗಲ ಮೇಲೆ ಮಗುವೊಂದು ನಿದ್ದೆ ಮಾಡುತ್ತಿತ್ತು. “ನೀಲಿ ಅಂಗಿಯ ಹುಡುಗ ವೇದಿಕೆಯ ಬಳಿ ಇದ್ದಾನೆ” ಎಂಬುದು ನನ್ನ ಹಳೆಯ ಕಿವಿಗೂ ಒಂದೇ ಸಲಕ್ಕೆ ತಿಳಿಯಿತು. ಎರಡೇ ನಿಮಿಷದಲ್ಲಿ ಅವನ ಅಪ್ಪ ಓಡಿ ಬಂದರು.

ಹಾಗೆಂದು ನಾನು ಪುಳ್ಳಿಯ ಕೈ ಬಿಡಲಿಲ್ಲ ಅನ್ನಿ!