ಚೆನ್ನೆಮಣೆ

ಚೆನ್ನೆಮಣೆ ಅಥವಾ ಅಳಗುಳಿಮಣೆಯು ಇಬ್ಬರು ಆಡುವ ಸಾಂಪ್ರದಾಯಿಕ ಆಟದ ಮರದ ಹಲಗೆ. ಇದರಲ್ಲಿ ಸಾಲಿಗೆ 7ರಂತೆ ಎರಡು ಸಾಲುಗಳಲ್ಲಿ 14 ಗುಳಿಗಳಿರುತ್ತವೆ. ಪ್ರತಿ ಗುಳಿಗೆ 4ರಂತೆ 56 ಕಾಯಿಗಳನ್ನಿಟ್ಟು ಆಟ ಆರಂಭಿಸಲಾಗುತ್ತದೆ. ಹುಣಸೆಬೀಜ, ಮಂಜೊಟ್ಟಿ, ಕವಡೆಗಳು ಕಾಯಿಗಳಾಗಿ ಬಳಕೆಯಲ್ಲಿವೆ.

ತಯಾರಿಕೆ

ಒಂದೇ ಹಲಗೆಯ ಮಣೆಗೆ ಜೋಡಣೆ ಬೇಕಿಲ್ಲದ ಕಾರಣ ಹೊಸದಾಗಿ ಮರಗೆಲಸ ಕಲಿಯುವವರೂ ಇದನ್ನು ತಯಾರಿಸಬಹುದು. ಹಸಿ ಮರವು ಒಣಗುವಾಗ ಸೀಳುವುದರಿಂದ ಚೆನ್ನಾಗಿ ಒಣಗಿದ ಹಲಗೆ ಅಗತ್ಯ. ಗುಳಿಗಳನ್ನು ಸಮಾನ ಅಂತರದಲ್ಲಿ ಗುರುತಿಸಿ, ಬಾಗಿದ ಅಲಗಿನ ಉಳಿಯಿಂದ ಅಂಚಿನಿಂದ ನಡುವಿಗೆ ಕೊರೆಯಬೇಕು. ಕಾಯಿಗಳನ್ನು ಬೆರಳಿನಿಂದ ಬಾಚಿಕೊಳ್ಳುವುದರಿಂದ ಗುಳಿಯ ತಳ ದುಂಡಗೆ, ನುಣುಪಾಗಿರಬೇಕು.

ಜನಪದದಲ್ಲಿ

ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಚೆನ್ನೆಯಾಡುವ ರೂಢಿಯಿದೆ. ಸಿರಿ ಪಾಡ್ದನದಲ್ಲಿ ಅವಳಿ ಸಹೋದರಿಯರಾದ ಅಬ್ಬಗ ಮತ್ತು ದಾರಗ ಈ ಆಟದ ಜಗಳದಿಂದ ಪ್ರಾಣ ಕಳೆದುಕೊಳ್ಳುತ್ತಾರೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಈ ಕಥೆಯೊಂದಿಗೆ ಬೆಸೆದುಕೊಂಡಿದೆ.