ಕ್ಯಾಂಪಿನಲ್ಲಿ ಮಧ್ಯರಾತ್ರಿ ಹೆರಿಗೆ ನೋವು ಬಂದ್ರೆ?

ಇವತ್ತಿನ ಪ್ರಶ್ನೆ: ಹಿಂಸೆಗೆ ಹೆದರಿ ಊರು ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಹೆರಿಗೆ, ಗರ್ಭನಿರೋಧಕ, ಲೈಂಗಿಕ ದೌರ್ಜನ್ಯದ ನಂತರದ ಚಿಕಿತ್ಸೆ ತಲುಪೋದು ಹೇಗೆ?

ಒಂದೇ ಉದಾಹರಣೆ ಹಿಡ್ಕೊಂಡು ಮಾತಾಡೋಣ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್‌ನಿಂದ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದರು. ಇಂಥ ಹೊತ್ತಲ್ಲಿ ಆರೋಗ್ಯ ಸಂಸ್ಥೆಗಳು ಹಾಕೋ ಅಂದಾಜು ಏನು ಗೊತ್ತಾ? ನೂರು ಜನರಲ್ಲಿ ಸುಮಾರು 4 ಮಂದಿ ಗರ್ಭಿಣಿಯರು. ಅಂದ್ರೆ 7 ಲಕ್ಷಕ್ಕೆ 28 ಸಾವಿರ. ಅವರಲ್ಲಿ ಶೇ 15ರಷ್ಟು ಮಂದಿಗೆ ತೊಡಕು ಬರಬಹುದು. ಯುದ್ಧ ನಡೀತಿದೆ ಅಂತ ಹೆರಿಗೆ ಕಾಯೋದಿಲ್ಲ.

1990ರ ದಶಕದ ಯುದ್ಧಗಳಲ್ಲಿ ನಿರಾಶ್ರಿತರಿಗೆ ಅಕ್ಕಿ, ನೀರು, ಟೆಂಟ್ ಸಿಗ್ತಿತ್ತು. ಇದು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಆ ದಶಕದಲ್ಲೇ ‘ಮಿಸ್ಪ್’ ಅನ್ನೋ ಕನಿಷ್ಠ ಸೇವೆಗಳ ಪಟ್ಟಿ ತಯಾರಾಯ್ತು. ಸಾಧ್ಯವಾದಷ್ಟೂ ಮೊದಲ 48 ಗಂಟೆಗಳಲ್ಲೇ ಇದನ್ನ ಶುರು ಮಾಡಬೇಕು.

ಅದರಲ್ಲಿ ಏನಿದೆ? ತುಂಬು ಗರ್ಭಿಣಿಯರ ಕೈಗೆ ಒಂದು ಹೆರಿಗೆ ಕಿಟ್: ಪ್ಲಾಸ್ಟಿಕ್ ಹಾಳೆ, ಸೋಪು, ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟೋಕೆ ದಾರ, ಬಟ್ಟೆ. ಆದ್ರೆ ಕಿಟ್ ಆಸ್ಪತ್ರೆ ಅಲ್ಲ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ರೆ ಆಕ್ಸಿಟೋಸಿನ್ ಇಂಜೆಕ್ಷನ್ ಬೇಕು, ಅದನ್ನ 2ರಿಂದ 8 ಡಿಗ್ರಿ ತಂಪಲ್ಲಿ ಇಡೋಕೆ ಕರೆಂಟ್ ಬೇಕು. ಕರೆಂಟ್ ಇಲ್ಲದ ಕಡೆ ಮಿಸೊಪ್ರೊಸ್ಟಾಲ್ ಮಾತ್ರೆ ಆಸರೆ. ಅತ್ಯಾಚಾರಕ್ಕೆ ಒಳಗಾದವರಿಗೆ ಎಚ್‌ಐವಿ ತಡೆಯೋ ಔಷಧಿ 72 ಗಂಟೆಯೊಳಗೆ, ತುರ್ತು ಗರ್ಭನಿರೋಧಕ 120 ಗಂಟೆಯೊಳಗೆ ಸಿಗಬೇಕು. ಇಲ್ಲಿ ‘ಮೊದಲು ಪೊಲೀಸ್ ದೂರು ಕೊಟ್ಟು ಬನ್ನಿ’ ಅನ್ನೋದು ಚಿಕಿತ್ಸೆ ಕೊಡದೇ ಇರೋದಕ್ಕೆ ಸಮ.

ಸರಿ, ಔಷಧಿ ಬಂತು. ಹೆಂಗಸು ಬರ್ತಾಳಾ? ಕುಟುಪಾಲಂಗ್ ಕ್ಯಾಂಪ್ ಇರೋದು ಗುಡ್ಡಗಳ ಮೇಲೆ. ಬಿದಿರು, ಟಾರ್ಪಾಲಿನ ಗುಡಿಸಲುಗಳು. ಮಳೆಗಾಲದಲ್ಲಿ ಜಾರೋ ಮಣ್ಣಿನ ಮೆಟ್ಟಿಲು. ಎಷ್ಟೋ ಮನೆಗಳ ಬಾಗಿಲಿಗೆ ಆಟೊ ಕೂಡ ಬರಲ್ಲ. ರಾತ್ರಿ ದಾರಿಯ ಭಯ ಬೇರೆ. ಹೊರಗೆ ಹೋಗೋಕೆ ಗಂಡ, ಅತ್ತೆ ಒಪ್ಪಬೇಕು.

ಇದಕ್ಕಿಂತ ಆಳದ ಅಡ್ಡಿ ನಂಬಿಕೆ. ರಖೈನ್‌ನಲ್ಲಿ ಅವರಿಗೆ ಊರು ದಾಟಿ ಆಸ್ಪತ್ರೆಗೆ ಹೋಗೋಕೂ ಅನುಮತಿ ಬೇಕಿತ್ತು. ಕೆಲವು ಕಡೆ ರೊಹಿಂಗ್ಯಾ ದಂಪತಿಗೆ ಎರಡೇ ಮಕ್ಕಳು ಅನ್ನೋ ಆದೇಶವೂ ಇತ್ತು. ಅಂಥವರ ಮುಂದೆ ಗರ್ಭನಿರೋಧಕ ಹಿಡಿದು ನಿಂತರೆ ಅನುಮಾನ ಬರದೇ ಇರುತ್ತಾ? ಅದಕ್ಕೇ ‘ಬೇಡ’ ಅನ್ನೋ ಹಕ್ಕು, ಹಾಕಿಸಿಕೊಂಡದ್ದನ್ನ ತೆಗೆಸೋ ಹಕ್ಕು ಕೂಡ ಸೇವೆಯ ಭಾಗವೇ.

ಹಾಗಾದ್ರೆ ಕೈಹಿಡಿದದ್ದು ಏನು? ಒಂದು, ಮೂರು ವರ್ಷದ ಡಿಪ್ಲೊಮಾ ಮುಗಿಸಿದ ಬಾಂಗ್ಲಾದೇಶದ ಯುವ ಸೂಲಗಿತ್ತಿಯರು. ಎರಡು, ನಮ್ಮ ಆಶಾ ಕಾರ್ಯಕರ್ತೆಯರ ಥರ ಗುಡಿಸಲಿಂದ ಗುಡಿಸಲಿಗೆ ಹೋಗೋ ರೊಹಿಂಗ್ಯಾ ಸ್ವಯಂಸೇವಕಿಯರು. ತಮ್ಮದೇ ಭಾಷೆಯಲ್ಲಿ ಮಾತಾಡೋರು, ಅತ್ತೆಯ ಜೊತೆಗೂ ಕೂತು ಮಾತಾಡೋರು. ಮೂರು, ಕಾನೂನು. ಬಾಂಗ್ಲಾದೇಶದಲ್ಲಿ ಗರ್ಭಪಾತಕ್ಕೆ ಕಠಿಣ ನಿರ್ಬಂಧ ಇದೆ. ಆದ್ರೆ ನಿಂತ ಮುಟ್ಟನ್ನು ಮತ್ತೆ ತರಿಸೋ ‘ಮುಟ್ಟಿನ ನಿಯಂತ್ರಣ’ ಸೇವೆಗೆ 1979ರಿಂದಲೇ ಸರ್ಕಾರಿ ಕಾರ್ಯಕ್ರಮದಲ್ಲಿ ಜಾಗ ಇದೆ. 2017ರಲ್ಲಿ ಅತ್ಯಾಚಾರದಿಂದ ಗರ್ಭ ನಿಂತವರಿಗೆ ಆ ಬಾಗಿಲು ತೆರೆದಿತ್ತು.

ಈಗಿನ ಚಿಂತೆ ದುಡ್ಡು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಗೆ ಅಮೆರಿಕ ಕೊಡ್ತಿದ್ದ ನೆರವು 2025ರಲ್ಲಿ ಕಡಿತವಾಯ್ತು. ಕಟ್ಟಡ ನಿಂತೇ ಇರುತ್ತೆ, ಬೋರ್ಡೂ ಇರುತ್ತೆ. ಸಂಬಳ ನಿಂತರೆ ರಾತ್ರಿ ಪಾಳಿಯ ಸೂಲಗಿತ್ತಿ ಇರಲ್ಲ. ಹಾಗಾಗಿ ಇನ್ನು ಮುಂದೆ ‘ಇಷ್ಟು ಕೇಂದ್ರ ತೆರೆದಿದ್ದೇವೆ’ ಅನ್ನೋ ಸುದ್ದಿ ಓದಿದಾಗ ನಾನು ಕೇಳೋ ಪ್ರಶ್ನೆ ಒಂದೇ, ನೀವೂ ಕೇಳಿ: ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದ್ರೆ ತೆಗೆಯೋರು ಯಾರು?