ದಿಂಡಿಗಲ್ಲಿನ ಬೀಗ, ಕಂಬಂನ ದೇವರಾವು

ಪಳನಿಗೆ ಹರಕೆ ಹೊತ್ತು ಹೋಗಿ ಬಂದವರು ನಮ್ಮ ಕಡೆ ಕಡಿಮೆಯಿಲ್ಲ. ಶಾಲಾ ಮಕ್ಕಳನ್ನು ಕಟ್ಟಿಕೊಂಡು ಕೊಡೈಕನಾಲಿಗೆ ಪ್ರವಾಸ ಹೋದ ಅಧ್ಯಾಪಕರೂ ಇದ್ದಾರೆ. ಆದರೆ ಆ ಎರಡು ಊರುಗಳೂ ಸೇರಿರುವ ಜಿಲ್ಲೆಯ ಕೇಂದ್ರವಾದ ದಿಂಡಿಗಲ್ಲಿನಲ್ಲಿ ಒಂದು ದಿನ ತಂಗಿ ಬಂದವರು ವಿರಳ. ಅದು ಬಸ್ಸು ಬದಲಾಯಿಸುವ ಊರು, ಅಷ್ಟೆ, ಎಂದು ನಾನೂ ತಿಳಿದಿದ್ದೆ. ಕಳೆದ ಬೇಸಗೆ ರಜೆಯಲ್ಲಿ ಮನೆಯವರೊಂದಿಗೆ ಪಳನಿಗೆ ಹೋದವನು ಅಲ್ಲಿಂದ ದಿಂಡಿಗಲ್ಲಿಗೂ, ಕಂಬಂ ಕಣಿವೆಗೂ ಹೋಗಿ ಬಂದೆ. ಕಂಡದ್ದನ್ನು ನಮ್ಮ ಓದುಗರ ಮುಂದಿಡಬೇಕೆನಿಸಿತು.

ಪಾಲಕ್ಕಾಡಿನಿಂದ ಪೊಳ್ಳಾಚಿ, ಪಳನಿಗಳ ಮೂಲಕ ದಿಂಡಿಗಲ್ಲಿಗೆ ರೈಲುದಾರಿಯಿದೆ. ಊರು ಹತ್ತಿರವಾದಂತೆ ಬಯಲಿನ ನಡುವೆ ಬೋಳು ಬಂಡೆಯೊಂದು ಕಾಣಿಸುತ್ತದೆ. ಒರಗಿಕೊಳ್ಳುವ ದಿಂಬಿಗೆ ತಮಿಳಿನಲ್ಲಿ ತಿಂಡು ಎನ್ನುತ್ತಾರೆ. ದಿಂಬಿನಂತಿರುವ ಕಲ್ಲಿನಿಂದಲೇ ಊರಿಗೆ ಈ ಹೆಸರು ಎಂದು ಹೇಳುವುದು ವಾಡಿಕೆ. ಬಂಡೆಯ ಮೇಲಿನ ಕೋಟೆಯನ್ನು 1605ರಲ್ಲಿ ಮಧುರೆಯ ಮುತ್ತುಕೃಷ್ಣಪ್ಪ ನಾಯಕ ಕಟ್ಟಿಸಲು ತೊಡಗಿದ. ಮುಂದೆ ತಿರುಮಲ ನಾಯಕ ಅದನ್ನು ಬಲಪಡಿಸಿದ. ಈಗ ಅದು ಪುರಾತತ್ತ್ವ ಇಲಾಖೆಯ ವಶದಲ್ಲಿದೆ. ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳನ್ನು ಬಿಸಿಲೇರುವ ಮೊದಲೇ ಹತ್ತಬೇಕು. ಮೇಲೆ ಹಳೆಯ ಗುಡಿಯಿದೆ, ಮದ್ದುಗುಂಡಿನ ಕೋಣೆಗಳಿವೆ, ತೋಪುಗಳನ್ನಿಡುತ್ತಿದ್ದ ಕಟ್ಟೆಗಳಿವೆ. ಒಂದು ಕಡೆ ಸಿರುಮಲೆ ಬೆಟ್ಟದ ಸಾಲು, ಕೆಳಗೆ ಊರಿನ ಮಾಡುಗಳು.

ಈ ಕೋಟೆಗೂ ನಮಗೂ ನಂಟಿದೆ. 1740ರ ದಶಕದಲ್ಲಿ ಮೈಸೂರಿನ ಸೈನ್ಯ ಇದನ್ನು ಹಿಡಿಯಿತು. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರನಾಗಿ ಬಂದ. ಆಗ ಆತ ಇನ್ನೂ ನವಾಬನಲ್ಲ, ಮೈಸೂರಿನ ಒಬ್ಬ ದಂಡನಾಯಕ ಮಾತ್ರ. ಪಾಂಡಿಚೇರಿ, ತಿರುಚಿನಾಪಳ್ಳಿ, ಶ್ರೀರಂಗಗಳಿಂದ ಕುಶಲ ಕೆಲಸಗಾರರನ್ನು ತರಿಸಿ, ಅವರ ಮೇಲ್ವಿಚಾರಣೆಗೆ ಫ್ರೆಂಚರನ್ನು ನೇಮಿಸಿ, ತೋಪು ಮತ್ತು ಮದ್ದುಗುಂಡುಗಳ ಕಾರ್ಖಾನೆಯನ್ನು ಇಲ್ಲೇ ತೆರೆದ. ಮುಂದೆ ಇಂಗ್ಲಿಷರನ್ನು ನಡುಗಿಸಿದ ಮೈಸೂರಿನ ಫಿರಂಗಿ ಬಲಕ್ಕೆ ಅಡಿಪಾಯ ಬಿದ್ದದ್ದು ಶ್ರೀರಂಗಪಟ್ಟಣದಲ್ಲಲ್ಲ, ಈ ತಮಿಳು ಊರಿನಲ್ಲಿ.

ಇನ್ನೊಂದು ನಂಟು ಇನ್ನೂ ಸಮೀಪದ್ದು. 1783ರಲ್ಲಿ ಇಂಗ್ಲಿಷರು ಕೋಟೆಯನ್ನು ಗೆದ್ದರು. ಮರುವರ್ಷ ಅದು ಟಿಪ್ಪುವಿಗೆ ಮರಳಿತು. ಮರಳಿಸಿದ್ದು ನಮ್ಮ ಮಂಗಳೂರಿನಲ್ಲಿ 1784ರ ಮಾರ್ಚ್ 11ರಂದು ಆದ ಒಪ್ಪಂದ. 1790ರಲ್ಲಿ ಕೋಟೆ ಪುನಃ ಇಂಗ್ಲಿಷರ ಕೈಸೇರಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ದಿಂಡಿಗಲ್ಲನ್ನೂ ಮಲಬಾರನ್ನೂ ಒಟ್ಟಿಗೆ ಬಿಟ್ಟುಕೊಟ್ಟ. ನಮ್ಮ ಬೇಕಲ ಸೇರಿದ ಕೆನರಾ ಸೀಮೆ ಕಂಪೆನಿಗೆ ಹೋದದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ಎಲ್ಲೋ ಕುಳಿತು ಬರೆದ ಕಾಗದದಿಂದ ಊರಿನ ಒಡೆತನ ಬದಲಾಗುವುದು 1956ರ ನವೆಂಬರ ಒಂದರಂದು ಮೊದಲ ಬಾರಿ ಆದದ್ದಲ್ಲ.

ಕೋಟೆಯಿಂದ ಇಳಿದರೆ ದುಡಿಯುವ ಊರು. ದಿಂಡಿಗಲ್ಲು ಒಂದು ಕಾಲಕ್ಕೆ ಹೊಗೆಸೊಪ್ಪು, ಚುಟ್ಟಾಗಳಿಗೆ ಹೆಸರಾಗಿತ್ತು. ಬಳಿಕ ನೂಲಿನ ಗಿರಣಿಗಳು ಬಂದವು, ಚರ್ಮ ಹದಮಾಡುವ ಕಾರ್ಖಾನೆಗಳು ಬೆಳೆದವು. ಚರ್ಮದ ಕೆಲಸ ಅನೇಕರಿಗೆ ಅನ್ನ ಕೊಟ್ಟಿತು, ಬಾವಿಗಳ ನೀರನ್ನು ಕೆಡಿಸಿತು. ತಮಿಳುನಾಡಿನ ಚರ್ಮದ ಕಾರ್ಖಾನೆಗಳ ಕುರಿತು 1996ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಹೆಸರಾಂತ ತೀರ್ಪು ಈ ಜಿಲ್ಲೆಯನ್ನೂ ಒಳಗೊಂಡಿತ್ತು. ಕೊಳೆನೀರನ್ನು ಶುದ್ಧಗೊಳಿಸದೆ ಕಾರ್ಖಾನೆ ನಡೆಸಕೂಡದೆಂದೂ, ಕೆಡಿಸಿದವರೇ ದಂಡ ತೆರಬೇಕೆಂದೂ ಅದು ವಿಧಿಸಿತು.

ಎಲ್ಲಕ್ಕಿಂತ ಹೆಚ್ಚಾಗಿ ದಿಂಡಿಗಲ್ಲು ಬೀಗದ ಊರು. ನಮ್ಮ ನೆರೆಯ ಮಲಯಾಳಿಗಳಂತೆ ತಮಿಳರೂ ಬೀಗಕ್ಕೆ ಪೂಟ್ಟು ಎನ್ನುತ್ತಾರೆ. ಮಾವಿನಕಾಯಿಯ ಆಕಾರದ ‘ಮಾಂಗಾಯ್ ಪೂಟ್ಟು’ ಇಲ್ಲಿಯ ಹೆಮ್ಮೆ. ಕೈಕೆಲಸದ ಚಾವಡಿಯೊಂದರಲ್ಲಿ ಅರ್ಧ ತಾಸು ಕುಳಿತು ನೋಡಿದೆ. ಬೀಗದ ಹೊಟ್ಟೆಯೊಳಗೆ ಒಂದರ ಮೇಲೊಂದು ತೆಳು ತಗಡಿನ ತುಂಡುಗಳಿರುತ್ತವೆ. ಇವಕ್ಕೆ ಲಿವರ್ ಎಂದು ಹೆಸರು. ಬೀಗದ ಕೈಯ ಹಲ್ಲುಗಳು ಒಂದೊಂದು ಲಿವರನ್ನೂ ಬೇಕಾದಷ್ಟೇ ಎತ್ತರಕ್ಕೆ ಎತ್ತಬೇಕು. ಒಂದು ಕೂದಲೆಳೆಯಷ್ಟು ಹೆಚ್ಚಾದರೂ ಕಡಿಮೆಯಾದರೂ ಅಗುಳಿ ಸರಿಯದು. ಆ ಹಲ್ಲುಗಳನ್ನು ಯಂತ್ರ ಕೊರೆಯುವುದಿಲ್ಲ. ಕೆಲಸಗಾರ ಅರದಿಂದ ತಿಕ್ಕಿ, ಹಾಕಿ ನೋಡಿ, ಮತ್ತೆ ತಿಕ್ಕಿ ಹೊಂದಿಸುತ್ತಾನೆ. ಕೈಯಿಂದ ಕೈಗೆ ಬಂದ ಈ ವಿದ್ಯೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಆದರೆ ಮಾನ್ಯತೆಯಿಂದ ಹೊಟ್ಟೆ ತುಂಬುವುದಿಲ್ಲ. ಯಂತ್ರದಲ್ಲಿ ರಾಶಿರಾಶಿಯಾಗಿ ತಯಾರಾಗುವ ಅಲಿಗಢದ ಬೀಗ ಅಗ್ಗ. ನಾನು ಕಂಡ ಚಾವಡಿಯಲ್ಲಿ ಕೆಲಸಕ್ಕೆ ಕುಳಿತಿದ್ದವರೆಲ್ಲ ಐವತ್ತು ದಾಟಿದವರು. “ನಿಮ್ಮ ಮಕ್ಕಳು?” ಎಂದು ಕೇಳಿದೆ. “ಗಿರಣಿಗೆ ಹೋಗುತ್ತಾರೆ ಸಾರ್, ಅಲ್ಲಿ ತಿಂಗಳ ಸಂಬಳ” ಎಂದು ತಮಿಳಿನಲ್ಲಿ ಹೇಳಿ ಒಬ್ಬರು ಮತ್ತೆ ಅರ ಕೈಗೆತ್ತಿಕೊಂಡರು.

ಮರುದಿನ ಬೆಳಗ್ಗೆ ಬತ್ತಲಗುಂಡು, ಪೆರಿಯಕುಳಂ ದಾಟಿ ತೇನಿಗೆ ಬಸ್ಸು. ತೇನಿ 1996ರಲ್ಲಿ ಮಧುರೆಯಿಂದ ಬೇರೆಯಾದ ಜಿಲ್ಲೆ. ಅಲ್ಲಿಂದ ಸುಮಾರು 40 ಕಿಲೋಮೀಟರು ಕಣಿವೆಯ ಒಳಗೆ ಸಾಗಿದರೆ ಕಂಬಂ. ಎಡಬಲಕ್ಕೆ ದ್ರಾಕ್ಷಿಯ ಚಪ್ಪರ, ತೆಂಗು, ಬಾಳೆ, ಗದ್ದೆ. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಯ ನೀರನ್ನು ಬೆಟ್ಟ ಕೊರೆದು ಈ ಕಡೆ ತಿರುಗಿಸಿದ್ದು 1895ರಲ್ಲಿ. ಅಣೆಕಟ್ಟು ಕಟ್ಟಿಸಿದ ಎಂಜಿನಿಯರ್ ಪೆನ್ನಿಕ್ವಿಕ್ಕನ ಚಿತ್ರವನ್ನು ಇಲ್ಲಿಯ ಜನ ಇಂದಿಗೂ ಗೌರವದಿಂದ ಇಟ್ಟುಕೊಂಡಿದ್ದಾರೆ.

ಕಂಬಂಗೆ ಹೋಗಲು ನನಗೆ ಬೇರೆ ಕಾರಣವಿತ್ತು. ಈ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲು ಮಕ್ಕಳಿದ್ದಾರೆ. ತಮಿಳರು ಇವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ಇವರ ನಂದಗೋಪಾಲನ ಸನ್ನಿಧಿಯಲ್ಲಿ ದೇವರಿಗೆ ಬಿಟ್ಟ ದನಗಳ ದೊಡ್ಡಿಯೊಂದಿದೆ. ತಮಿಳಿನಲ್ಲಿ ಅದು ತಂಬಿರಾನ್ ತೊಳು. ಪೊಂಗಲ್ ಹಬ್ಬದಲ್ಲಿ ಜನ ಸಾಲುಗಟ್ಟಿ ಬಂದು ಈ ದನಗಳಿಗೆ ಪೂಜೆ ಸಲ್ಲಿಸುತ್ತಾರೆ. 1906ರ ಮಧುರಾ ಜಿಲ್ಲಾ ಗೆಜೆಟಿಯರಿನಲ್ಲಿ ಈ ಹಿಂಡಿನ ವಿವರವಿದೆ. ಕನ್ನಡದಲ್ಲಿ ಇದಕ್ಕೆ ‘ದೇವರು ಆವು’ ಎಂದು ಹೆಸರೆಂದೂ, ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನಿಟ್ಟು ಅದಕ್ಕೆ ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ ಕಟ್ಟುತ್ತಾರೆಂದೂ ಅದರಲ್ಲಿ ಬರೆದಿದೆ. ಆವು ಎಂದರೆ ಹಸು. ತರಗತಿಯಲ್ಲಿ ಹಳಗನ್ನಡ ಪದ್ಯ ಬಂದಾಗ ನಾನು ಅರ್ಥ ಬರೆಸುವ ಪದ ಅದು.

ಚಹದಂಗಡಿಯೊಂದರಲ್ಲಿ ಹಿರಿಯರೊಬ್ಬರೊಡನೆ ಕನ್ನಡದಲ್ಲಿ ಮಾತಿಗಿಳಿದೆ. ಅವರ ಕನ್ನಡದಲ್ಲಿ ತಮಿಳು ಬೆರೆತಿತ್ತು. ನನ್ನ ಪುಸ್ತಕದ ಕನ್ನಡ ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು. ಆದರೂ ಹತ್ತು ನಿಮಿಷದಲ್ಲಿ ಇಬ್ಬರಿಗೂ ಒಗ್ಗಿತು. ಚೀಲದಲ್ಲಿದ್ದ ನಮ್ಮ ಈ ಪತ್ರಿಕೆಯ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಲಿಪಿ ಎಂದು ಕೇಳಿದರು. ನಮ್ಮ ಮಾತಿನದೇ ಎಂದೆ. ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ತಾವೂ ಮಕ್ಕಳೂ ಓದಿದ್ದು ತಮಿಳು ಶಾಲೆಯಲ್ಲಿ, ಇದನ್ನು ಯಾರೂ ತೋರಿಸಿಕೊಡಲಿಲ್ಲ ಎಂದರು. ನಾನು ಮಳೆಯ ಸುದ್ದಿಯೊಂದನ್ನು ಓದಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿ, ಇನ್ನೊಂದನ್ನೂ ಓದಿರಿ ಎಂದರು. ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾರಂತೆ.

ಹಿಂದಿರುಗುವ ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡುವ ಮಕ್ಕಳಿದ್ದಾರೆ. ಅವರಿಗೆ ಕನ್ನಡವನ್ನು ಕೊಟ್ಟದ್ದು ಶಾಲೆ. ಕಂಬಂನವರಿಗೆ ಮನೆಯಿದೆ, ಶಾಲೆಯಿಲ್ಲ. ತಲೆತಲಾಂತರದಿಂದ ಬರಿಯ ನಾಲಗೆಯ ಮೇಲೆ ಮಾತನ್ನು ಉಳಿಸಿಕೊಂಡ ಅವರ ಛಲ ದೊಡ್ಡದು. ಆದರೆ ಅಕ್ಷರವಿಲ್ಲದ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನು ಆ ಮೊಮ್ಮಕ್ಕಳು ಹೇಳುತ್ತಿದ್ದಾರೆ. ನಮ್ಮಲ್ಲಿ ಸಂವಿಧಾನದ 350ಎ ವಿಧಿಯ ಬಲವಿದೆ, ಶಾಲೆಗಳಿವೆ, ಅಧ್ಯಾಪಕರಿದ್ದಾರೆ. ಆದರೂ ಪ್ರತಿ ಜೂನ್ ತಿಂಗಳಲ್ಲಿ ಹೊಸ ಮಕ್ಕಳಿಗಾಗಿ ನಾವು ಮನೆಮನೆ ಹತ್ತಬೇಕಾಗಿದೆ.

ಪಳನಿಗೆ ಹೋಗುವವರು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿರಿ. ದಿಂಡಿಗಲ್ಲಿನ ಬಂಡೆ ಹತ್ತಿರಿ, ಕೈಯಲ್ಲಿ ಮಾಡಿದ ಒಂದು ಬೀಗ ಕೊಳ್ಳಿರಿ. ಕಂಬಂಗೆ ಹೋದರೆ ಕನ್ನಡದಲ್ಲೇ ಮಾತಾಡಿಸಿರಿ. ಸಾಧ್ಯವಾದರೆ ಒಂದು ವರ್ಣಮಾಲೆಯ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಆ ಹಿರಿಯರಿಗೆ ನಾನು ಕಳಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.